ಫ್ರೇಮ್ ಕಾರ್ಖಾನೆಯ ಮೇಲಿನ ಮಹಡಿ: ‘ಸ್ವೀಟ್ ಡ್ರೀಮ್ಸ್’ ಆಲ್ಬಮ್ ಹುಟ್ಟಿದ ಕಥೆ

ಓದೋಕೆ ಮುಂಚೆ ಒಂದು ಸಣ್ಣ ಪ್ರಯೋಗ ಮಾಡಿ. ಯೂರಿದ್ಮಿಕ್ಸ್ ಎಂಬ ಜೋಡಿಯ ‘ಸ್ವೀಟ್ ಡ್ರೀಮ್ಸ್’ ಹಾಡನ್ನು ಹಾಕಿಕೊಳ್ಳಿ. ಹೆಸರು ಗೊತ್ತಿಲ್ಲ ಅಂದ್ರೂ ಹಾಡು ಗೊತ್ತಿರುತ್ತೆ. ಜಿಮ್‌ನಲ್ಲೋ, ಸೂಪರ್‌ಮಾರ್ಕೆಟ್‌ನಲ್ಲೋ, ಯಾವುದೋ ಸಿನಿಮಾದಲ್ಲೋ ಕಿವಿಗೆ ಬಿದ್ದೇ ಇರುತ್ತೆ. ಈಗ ಬಲಗೈಯನ್ನು ತೊಡೆಯ ಮೇಲಿಟ್ಟು ಆದಿತಾಳ ಹಾಕಿ. ಭಾನುವಾರದ ಪಾಟದ ಕ್ಲಾಸಿಗೆ ಅಮ್ಮನ ಬಲವಂತಕ್ಕೆ ಹೋಗಿ ಸರಳೆ ವರಸೆ ಹೇಳಿದವರಿಗೆ ಇಷ್ಟಂತೂ ಮರೆತಿರಲ್ಲ: ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟು-ಮಗುಚು, ತಟ್ಟು-ಮಗುಚು.

ಏನಾಯ್ತು ನೋಡಿ. ಮೊದಲ ನಾಲ್ಕು ಎಣಿಕೆ ಬೇಸ್ ಷಡ್ಜವನ್ನು ಹಿಡಿದುಕೊಂಡಿರುತ್ತೆ. ಮೊದಲ ತಟ್ಟು-ಮಗುಚಿಗೆ ಕೆಳಗಿನ ಧೈವತಕ್ಕೆ ಇಳಿಯುತ್ತೆ. ಎರಡನೆಯದಕ್ಕೆ ಪಂಚಮ. ಮತ್ತೆ ಷಡ್ಜ. ನಾಲ್ಕು, ಎರಡು, ಎರಡು. ಲಘು, ದ್ರುತ, ದ್ರುತ. ಹಾಡು ಪೂರ್ತಿ ಬಹುಪಾಲು ಇದೇ ಆವರ್ತನ ಸುತ್ತುತ್ತಾ ಇರುತ್ತೆ. ಇದು ಬರೀ ಕಾಕತಾಳೀಯ, ದಯವಿಟ್ಟು ವಾಟ್ಸ್ಯಾಪ್ ಫಾರ್ವರ್ಡ್ ಮಾಡಬೇಡಿ. ಆದರೆ ಒಂದು ಹಾಡನ್ನು ಒಳಗಿನಿಂದ ನೋಡೋಕೆ ಇದಕ್ಕಿಂತ ಸುಲಭದ ಬಾಗಿಲು ನನಗೆ ಸಿಗಲಿಲ್ಲ.

ಯಂತ್ರ ಮತ್ತು ಸಂಗೀತದ ಬಗ್ಗೆ ನಾವು ಪಾಡ್‌ಕಾಸ್ಟ್‌ನಲ್ಲಿ ಮಾತಾಡಿದಾಗಲೆಲ್ಲ ಎರಡು ಥರದ ಪತ್ರ ಬರುತ್ತವೆ. ಒಂದು, ‘ಯಂತ್ರ ಬಂದರೆ ಹಾಡಿಗೆ ಜೀವ ಇರಲ್ಲ.’ ಇನ್ನೊಂದು, ‘ಯಂತ್ರ ಬರೀ ಉಪಕರಣ, ಹೆದರಿಕೆ ಯಾಕೆ.’ ನನ್ನ ಹೊಟ್ಟೆಪಾಡೇ ಡೇಟಾ ಮತ್ತು ಯಂತ್ರ. ಎರಡೂ ಮಾತು ನನಗೆ ಸಲೀಸಾಗಿ ಒಪ್ಪಿಗೆ ಆಗಲ್ಲ. ಅದಕ್ಕೇ ಈ ಸಲ ಒಂದೇ ಒಂದು ಆಲ್ಬಮ್ ಹಿಡಿದುಕೊಂಡು ಕೂತಿದ್ದೇನೆ. 1983ರ ಜನವರಿ 4ರಂದು ಬಂದದ್ದು. ಹತ್ತು ಹಾಡು. ಮಾಡಿದವರು ಮುಖ್ಯವಾಗಿ ಇಬ್ಬರು: ಆನಿ ಲೆನಾಕ್ಸ್ ಮತ್ತು ಡೇವ್ ಸ್ಟೀವರ್ಟ್.

ಆನಿ ಹುಟ್ಟಿದ್ದು 1954ರ ಕ್ರಿಸ್‌ಮಸ್ ದಿನ, ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ. ಅಪ್ಪ ಹಡಗು ಕಟ್ಟುವ ಕಡೆ ಕೆಲಸ ಮಾಡುತ್ತಿದ್ದವರು. ಹದಿನೇಳನೇ ವಯಸ್ಸಿಗೆ ಫ್ಲೂಟ್ ಕಲಿಯೋಕೆ ಅಂತ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದರು. ಅಲ್ಲಿ ಹೊಂದಿಕೊಳ್ಳೋಕೆ ಆಗಲಿಲ್ಲ, ಕೋರ್ಸ್ ಮುಗಿಸದೆ ಹೊರಗೆ ಬಂದರು. ಆಮೇಲೆ ಅಲ್ಲಿ ಇಲ್ಲಿ ಸಣ್ಣ ಕೆಲಸ. 1970ರ ದಶಕದ ಮಧ್ಯದಲ್ಲಿ ಹ್ಯಾಂಪ್‌ಸ್ಟೆಡ್‌ನ ಒಂದು ಹೋಟೆಲಿನಲ್ಲಿ ವೇಟ್ರೆಸ್ ಆಗಿದ್ದಾಗ ಸಂಡರ್‌ಲ್ಯಾಂಡ್ ಊರಿನ ಗಿಟಾರ್ ವಾದಕ ಡೇವ್ ಸ್ಟೀವರ್ಟ್ ಪರಿಚಯ ಆಯಿತು. ಪರಿಚಯ ಪ್ರೀತಿಯಾಯಿತು, ಒಟ್ಟಿಗೆ ಮನೆ ಮಾಡಿದರು. ದ ಟೂರಿಸ್ಟ್ಸ್ ಅನ್ನೋ ಬ್ಯಾಂಡಿನಲ್ಲಿ ಇಬ್ಬರೂ ಇದ್ದರು. 1979ರಲ್ಲಿ ಆ ಬ್ಯಾಂಡಿಗೆ ಒಂದು ದೊಡ್ಡ ಹಿಟ್ ಸಿಕ್ಕಿತು, ಅದೂ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಹಾಡಿದ್ದ ಹಳೆಯ ಹಾಡು. ಸ್ವಂತ ಹಾಡಿಗಿಂತ ಬೇರೆಯವರ ಹಾಡಿಗೇ ಹೆಸರು ಬಂದರೆ ಒಳಗೊಳಗೇ ಏನಾಗುತ್ತೆ ಅಂತ ಊಹಿಸಿಕೊಳ್ಳಿ. ಬ್ಯಾಂಡು ಒಡೆಯಿತು.

ಆಸ್ಟ್ರೇಲಿಯಾದಲ್ಲಿ ಇರೋ ಓದುಗರಿಗೆ ಒಂದು ಖುಷಿಯ ವಿಷಯ: ಇಬ್ಬರೇ ಸೇರಿ ಹೊಸದು ಮಾಡೋಣ ಅಂತ ಮಾತಾಗಿದ್ದು ನಿಮ್ಮ ವಾಗಾ ವಾಗಾ ಊರಿನ ಒಂದು ಹೋಟೆಲ್ ರೂಮಿನಲ್ಲಿ. ಸ್ಟೀವರ್ಟ್ ಹತ್ತಿರ ಒಂದು ಪುಟ್ಟ ಸಿಂಥಸೈಜರ್ ಇತ್ತು. ಅದರ ಜೊತೆ ಆಟ ಆಡ್ತಾ ಆಡ್ತಾ, ಗಿಟಾರು, ಡ್ರಮ್ಮು, ಐದು ಜನರ ಜಗಳ ಇದ್ಯಾವುದೂ ಇಲ್ಲದೆಯೂ ಸಂಗೀತ ಮಾಡಬಹುದಲ್ಲ ಅನ್ನಿಸಿತು. ಹೆಸರು ಇಟ್ಟುಕೊಂಡಿದ್ದು ಸ್ವಿಟ್ಜರ್ಲೆಂಡಿನ ಸಂಗೀತ ಶಿಕ್ಷಕ ಎಮಿಲ್ ಜಾಕ್-ದಾಲ್‌ಕ್ರೋಜ್ ಅವರ ಪಾಠದ ಕ್ರಮದಿಂದ. ಮಕ್ಕಳಿಗೆ ತಾಳವನ್ನು ಪುಸ್ತಕದಿಂದ ಅಲ್ಲ, ಮೈಯಿಂದ ಕಲಿಸಬೇಕು ಅನ್ನೋ ಕ್ರಮ ಅದು. ಆನಿ ಚಿಕ್ಕವರಿದ್ದಾಗ ಅದನ್ನು ಕಲಿತಿದ್ದರು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇನ್ನೊಂದು ವಿಷಯವೂ ನಡೆಯಿತು. ಗಂಡುಹೆಣ್ಣಾಗಿ ಅವರ ಸಂಬಂಧ ಮುಗಿಯಿತು. ಬ್ಯಾಂಡ್ ಶುರು ಮತ್ತು ಪ್ರೀತಿ ಮುಕ್ತಾಯ ಒಟ್ಟೊಟ್ಟಿಗೆ. ನಮ್ಮ ಕಡೆ ಇಂಥದ್ದಾದರೆ ಮೊದಲು ಫೋನ್ ನಂಬರ್ ಬ್ಲಾಕ್ ಆಗುತ್ತೆ. ಇವರು ದಿನಾ ಒಂದೇ ರೂಮಿನಲ್ಲಿ ಕೂತು ಹಾಡು ಬರೆದರು.

ಮೊದಲ ಆಲ್ಬಮ್ ‘ಇನ್ ದ ಗಾರ್ಡನ್’ 1981ರಲ್ಲಿ ಬಂತು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಮುಂದೆ ಬೇಕಾಗುತ್ತೆ. ರೆಕಾರ್ಡ್ ಮಾಡಿದ್ದು ಜರ್ಮನಿಯಲ್ಲಿ, ಕಲೋನ್ ಹತ್ತಿರ, ಕೋನಿ ಪ್ಲಾಂಕ್ ಅವರ ಸ್ಟುಡಿಯೋದಲ್ಲಿ. ಕ್ರಾಫ್ಟ್‌ವೆರ್ಕ್ ಜೊತೆ ಕೆಲಸ ಮಾಡಿದ್ದ ದೊಡ್ಡ ಹೆಸರು ಅವರದ್ದು. ಡ್ರಮ್ಸ್ ನುಡಿಸಿದವರಲ್ಲಿ ಕ್ಯಾನ್ ಬ್ಯಾಂಡಿನ ಯಾಕಿ ಲೀಬೆಟ್ಸೈಟ್ ಇದ್ದರು, ಬ್ಲಾಂಡಿ ಬ್ಯಾಂಡಿನ ಕ್ಲೆಮ್ ಬರ್ಕ್ ಇದ್ದರು. ಆ ಕಾಲದ ಅತ್ಯುತ್ತಮ ಡ್ರಮ್ಮರ್‌ಗಳ ಪಟ್ಟಿ ಮಾಡಿದರೆ ಇಬ್ಬರೂ ಬರುತ್ತಾರೆ. ಒಳ್ಳೆಯ ಸ್ಟುಡಿಯೋ, ಒಳ್ಳೆಯ ಕೈಗಳು, ನಿಜವಾದ ಚರ್ಮವಾದ್ಯ. ಆಲ್ಬಮ್ ನೆಲಕಚ್ಚಿತು. ಯಾರೂ ಕೊಳ್ಳಲಿಲ್ಲ.

ಮುಂದೇನು? ಬ್ಯಾಂಕಿಗೆ ಹೋಗಿ ಕೆಲವು ಸಾವಿರ ಪೌಂಡ್ ಸಾಲ ತಂದರು. ಸ್ಟುಡಿಯೋ ಬಾಡಿಗೆಗೆ ಅಲ್ಲ, ಸಾಮಾನು ಕೊಳ್ಳೋಕೆ. ಉತ್ತರ ಲಂಡನ್ನಿನ ಚಾಕ್ ಫಾರ್ಮ್‌ನಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಒಂದು ಕಾರ್ಖಾನೆ, ಅದರ ಮೇಲಿನ ಮಹಡಿ ಇವರದ್ದು. ಕೆಳಗೆ ಮರ ಕೊಯ್ಯುವ ಯಂತ್ರ ನಿಲ್ಲೋ ತನಕ ಆನಿ ಹಾಡೋ ಹಾಗಿಲ್ಲ. ಮೈಕಿನಲ್ಲಿ ಗರಗಸದ ಸದ್ದೂ ಸೇರಿಕೊಳ್ಳುತ್ತೆ. ಕಾಯಬೇಕು. ದ ಸೆಲೆಕ್ಟರ್ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ಆಡಮ್ ವಿಲಿಯಮ್ಸ್ ಬಂದು ರೆಕಾರ್ಡಿಂಗ್ ವಿದ್ಯೆ ಹೇಳಿಕೊಡ್ತಾ ಜೊತೆಗೆ ನಿಂತರು. ಅದೇ ದಿನಗಳಲ್ಲಿ ಸ್ಟೀವರ್ಟ್‌ಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆ ಆಯಿತು. ಆನಿಗೆ ಮನಸ್ಸಿನ ಮೇಲೆ ಕಪ್ಪು ಮೋಡ. ಇಬ್ಬರಲ್ಲಿ ಒಬ್ಬರು ಬದುಕಿ ಬಂದೆ ಅನ್ನೋ ಹುಮ್ಮಸ್ಸಿನಲ್ಲಿ, ಇನ್ನೊಬ್ಬರು ಎಲ್ಲ ಮುಗೀತು ಅನ್ನೋ ಸ್ಥಿತಿಯಲ್ಲಿ.

ಸಾಮಾನು ಏನೇನಿತ್ತು ಅನ್ನೋದು ಮುಖ್ಯ. ಟಿಯಾಕ್ ಕಂಪನಿಯ ಎಂಟು ಟ್ರ್ಯಾಕಿನ ಟೇಪ್ ಯಂತ್ರ. ಗ್ಯಾರೇಜ್‌ಬ್ಯಾಂಡಿನಲ್ಲಿ ಬೇಕಾದಷ್ಟು ಟ್ರ್ಯಾಕ್ ಸೇರಿಸಿಕೊಂಡು ಬೆಳೆದವರಿಗೆ ಇದು ಅರ್ಥ ಆಗೋದು ಸ್ವಲ್ಪ ಕಷ್ಟ, ಹಾಗಾಗಿ ಹೇಳ್ತೀನಿ. ಅಗಲದ ಒಂದು ಟೇಪು, ಅದರ ಮೇಲೆ ಪಕ್ಕಪಕ್ಕದಲ್ಲಿ ಎಂಟು ಗೆರೆ. ಒಂದೊಂದು ಗೆರೆಯಲ್ಲಿ ಒಂದೊಂದು ಸದ್ದು. ದೊಡ್ಡ ಸ್ಟುಡಿಯೋಗಳಲ್ಲಿ ಆಗ ಇಪ್ಪತ್ತನಾಲ್ಕು ಇರುತ್ತಿದ್ದವು. ಎಂಟು ತುಂಬಿತು ಅಂದರೆ ಒಂದಷ್ಟನ್ನು ಬೆರೆಸಿ ಒಂದೇ ಗೆರೆಗೆ ಇಳಿಸಬೇಕು. ಇಳಿಸಿದ ಮೇಲೆ ಬಿಡಿಸೋಕೆ ಬರಲ್ಲ, ಸಾರಿಗೆ ಉಪ್ಪು ಹಾಕಿದ ಹಾಗೆ. ಹಾಗಾಗಿ ‘ಇದೂ ಇರಲಿ, ಅದೂ ಇರಲಿ, ಆಮೇಲೆ ನೋಡೋಣ’ ಅನ್ನೋ ಸೌಲಭ್ಯ ಇಲ್ಲ. ಪ್ರತಿ ಸದ್ದಿಗೂ ಇದು ಬೇಕೇ ಬೇಕಾ ಅಂತ ಕೇಳಿಕೊಳ್ಳಲೇಬೇಕು. ಈ ಆಲ್ಬಮ್ ಇವತ್ತಿಗೂ ಹಗುರಾಗಿ, ಗಾಳಿ ಆಡೋ ಹಾಗೆ ಕೇಳೋದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಅಂದಾಜು. ಎಂಬತ್ತರ ದಶಕದ ಎಷ್ಟೋ ಆಲ್ಬಮ್‌ಗಳು ದುಡ್ಡಿನ ಭಾರಕ್ಕೇ ಕುಸಿದಿವೆ.

ಎರಡನೆಯದು, ಮೂವ್‌ಮೆಂಟ್ ಅನ್ನೋ ಡ್ರಮ್ ಕಂಪ್ಯೂಟರ್. ಸಾಮರ್ಸೆಟ್‌ನ ಬ್ರಿಜ್‌ವಾಟರ್ ಊರಿನ ಒಂದು ಪುಟ್ಟ ಕಂಪನಿ ಕೈಯಲ್ಲಿ ಜೋಡಿಸಿ ಮಾರುತ್ತಿತ್ತು, ತಯಾರಾಗಿದ್ದೇ ಕೆಲವೇ ಕೆಲವು. ಒಂದು ಪರದೆ ಇತ್ತು, ಅದರ ಮೇಲೆ ತಾಳದ ನಕ್ಷೆ ಕಾಣುತ್ತಿತ್ತು. ಇದರ ಕೆಲಸ ಡ್ರಮ್ ಬಾರಿಸೋದಷ್ಟೇ ಅಲ್ಲ. ಸಿಂಥಸೈಜರ್‌ಗೂ ಈಗ ಈ ಸ್ವರ, ಈಗ ಈ ಸ್ವರ ಅಂತ ಸನ್ನೆ ಕಳಿಸುತ್ತಿತ್ತು. ಮೊದಲೇ ಬರೆದಿಟ್ಟ ಸ್ವರಗಳನ್ನು ಸುಸ್ತಾಗದೆ ಮತ್ತೆ ಮತ್ತೆ ನುಡಿಸುವ ಈ ವ್ಯವಸ್ಥೆಗೆ ಸೀಕ್ವೆನ್ಸರ್ ಅಂತಾರೆ. ಇದರ ಜೊತೆ ಒಂದು ರೋಲಂಡ್ ಸಿಂಥ್, ಒಂದು ಓಬರ್‌ಹೈಮ್ ಸಿಂಥ್. ಮುಗೀತು ಅಂಗಡಿ.

‘ಸ್ವೀಟ್ ಡ್ರೀಮ್ಸ್’ ಹುಟ್ಟಿದ ದಿನದ ಕಥೆಯನ್ನು ಇಬ್ಬರೂ ಹಲವು ಸಲ ಹೇಳಿದ್ದಾರೆ. ಅವತ್ತು ಜಗಳ ಆಗಿತ್ತು. ಆನಿ ನೆಲದ ಮೇಲೆ ಮುದುಡಿಕೊಂಡು ಮಲಗಿದ್ದರು. ಸ್ಟೀವರ್ಟ್ ಪಾಡಿಗೆ ಸ್ಟೀವರ್ಟ್ ಡ್ರಮ್ ಕಂಪ್ಯೂಟರ್ ಹತ್ತಿರ ಕೂತು ಏನೋ ಒತ್ತುತ್ತಾ ಇದ್ದರು. ಒಂದು ತಾಳ, ಅದರ ಮೇಲೆ ಒಂದು ಬೇಸ್ ಸಾಲು ಶುರುವಾಯಿತು. ಆನಿ ಎದ್ದು ಬಂದರು, ಇನ್ನೊಂದು ಸಿಂಥ್ ಮುಂದೆ ನಿಂತು ಆ ಸಾಲಿಗೆ ಎದುರಾಗಿ ನುಡಿಸಿದರು. ಎರಡು ಸಾಲು ಒಂದಕ್ಕೊಂದು ಹೆಣೆದುಕೊಂಡವು. ನೀವು ಕೇಳೋ ಆ ಪ್ರಸಿದ್ಧ ನಾದ ಒಂದು ವಾದ್ಯದ್ದಲ್ಲ, ಈ ಹೆಣಿಗೆಯದ್ದು. ಸಾಹಿತ್ಯ ಆನಿಯದ್ದು, ಆ ಮನಸ್ಥಿತಿಯಲ್ಲೇ ಬರೆದದ್ದು. ಅದು ಸಂತೋಷದ ಹಾಡಲ್ಲ ಅಂತ ಅವರು ಆಗಿನಿಂದ ಹೇಳ್ತಾನೇ ಇದ್ದಾರೆ. ಪ್ರತಿಯೊಬ್ಬರೂ ಏನನ್ನೋ ಹುಡುಕುತ್ತಾ ಒಬ್ಬರನ್ನೊಬ್ಬರು ಬಳಸಿಕೊಳ್ಳುತ್ತಾರೆ ಅನ್ನೋ ಕಹಿ ಅದರಲ್ಲಿದೆ. ಬರೀ ಕತ್ತಲಾಯ್ತು, ಸ್ವಲ್ಪ ತಲೆ ಎತ್ತಿಸೋ ಒಂದು ಭಾಗ ಬೇಕು ಅಂದಿದ್ದು ಸ್ಟೀವರ್ಟ್. ಮಧ್ಯದಲ್ಲಿ ಬೇಸ್ ಸಾಲು ಬದಲಾಗಿ, ಆನಿಯ ದನಿ ಮೇಲಕ್ಕೆ ಏರೋ ಜಾಗ ಇದೆಯಲ್ಲ, ಅದು ಹಾಗೆ ಬಂತು.

ಆ ಜಾಗದಲ್ಲಿ ಕಿವಿಗೊಟ್ಟು ಕೇಳಿದರೆ ಒಂದು ಟಿಣ್ ಟಿಣ್ ಸದ್ದು ಸಿಗುತ್ತೆ. ಅದು ಸಿಂಥ್ ಅಲ್ಲ. ಹಾಲಿನ ಗಾಜಿನ ಬಾಟಲಿಗಳು. ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರಲ್ಲ, ಅವೇ. ಒಂದೊಂದಕ್ಕೆ ಒಂದೊಂದು ಮಟ್ಟಕ್ಕೆ ನೀರು ತುಂಬಿ ಶ್ರುತಿ ಮಾಡಿಕೊಂಡು ಬಾರಿಸಿದ್ದು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಜಲತರಂಗ! ಪಿಂಗಾಣಿ ಬಟ್ಟಲ ಬದಲು ಬಾಟಲಿ, ಅಷ್ಟೇ. ಸಿಂಥ್-ಪಾಪ್ ಅಂತ ಲೇಬಲ್ ಅಂಟಿಸಿಕೊಂಡ ಹಾಡಿನ ಹೊಟ್ಟೆಯಲ್ಲಿ ನೀರು, ಗಾಜು, ಒಂದು ಕೋಲು.

ಹಾಡು ತಯಾರಾಯಿತು, ಆದರೆ ರೆಕಾರ್ಡ್ ಕಂಪನಿಗೆ ಒಂದು ತಕರಾರಿತ್ತು. ಇದಕ್ಕೆ ಪಲ್ಲವಿ ಎಲ್ಲಿದೆ? ಪಾಪ್ ಹಾಡು ಅಂದರೆ ಚರಣ ಬಂದು, ಏರಿ, ಪಲ್ಲವಿಯಲ್ಲಿ ಒಡೆಯಬೇಕು. ಇದು ಮೊದಲಿನಿಂದಲೇ ಸುತ್ತುತ್ತಾ ಇದೆ. ನಿಜ ಹೇಳಬೇಕು ಅಂದರೆ ಹಾಡು ಪೂರ್ತಿ ಪಲ್ಲವಿಯೇ. ಆ ಹೊತ್ತಿಗೆ ಆಲ್ಬಮ್ಮಿನ ಎರಡು ಹಾಡು 1982ರಲ್ಲಿ ಸಿಂಗಲ್ ಆಗಿ ಬಂದು ಸದ್ದಿಲ್ಲದೆ ಹೋಗಿದ್ದವು. ಮೂರನೆಯದು ‘ಲವ್ ಈಸ್ ಎ ಸ್ಟ್ರೇಂಜರ್’ ಬ್ರಿಟನ್ನಿನ ಪಟ್ಟಿಯಲ್ಲಿ 54ಕ್ಕೆ ನಿಂತಿತ್ತು. ‘ಸ್ವೀಟ್ ಡ್ರೀಮ್ಸ್’ ನಾಲ್ಕನೆಯದು. ಬಾಗಿಲು ತಟ್ಟಿ ತಟ್ಟಿ ಕೈ ನೋವಾದ ಮೇಲಿನ ತಟ್ಟು. 1983ರ ಜನವರಿಯಲ್ಲಿ ಹೊರಬಂದು ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಆಮೇಲೆ ‘ಲವ್ ಈಸ್ ಎ ಸ್ಟ್ರೇಂಜರ್’ ಅನ್ನು ಮತ್ತೆ ಬಿಟ್ಟರು. ಅದೇ ಹಾಡು, ಒಂದು ಸ್ವರ ಬದಲಾಗಿಲ್ಲ, ಈ ಸಲ 6ನೇ ಸ್ಥಾನ. ಪಟ್ಟಿಯ ಅಂಕಿ ನೋಡಿ ಹಾಡಿನ ಗುಣ ಅಳೆಯೋರಿಗೆ ನಾನು ಯಾವಾಗಲೂ ಕೊಡೋ ಉದಾಹರಣೆ ಇದು. 54 ಮತ್ತು 6ರ ನಡುವೆ ಬದಲಾಗಿದ್ದು ಹಾಡಲ್ಲ, ಕೇಳುಗರಿಗೆ ಆ ದನಿ ಪರಿಚಯ ಆಗಿತ್ತು.

ಅಮೆರಿಕದಲ್ಲಿ ಕ್ಲೀವ್‌ಲ್ಯಾಂಡಿನ ಒಂದು ರೇಡಿಯೋ ಸ್ಟೇಷನ್ ಹಠ ಹಿಡಿದು ಈ ಹಾಡು ಹಾಕಿತು, ಕೇಳುಗರ ಫೋನ್ ನಿಲ್ಲಲಿಲ್ಲ ಅನ್ನೋದು ಸ್ಟೀವರ್ಟ್ ಹೇಳೋ ಕಥೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕು ವಾರ ಎರಡನೇ ಸ್ಥಾನದಲ್ಲಿ ಕಾದು ಕೂತಿತ್ತು. ಮುಂದೆ ಎಂಟು ವಾರದಿಂದ ಜಾಗ ಬಿಡದೆ ಕೂತಿದ್ದದ್ದು ದ ಪೊಲೀಸ್ ಬ್ಯಾಂಡಿನ ‘ಎವ್ರಿ ಬ್ರೆತ್ ಯು ಟೇಕ್’. 1983ರ ಸೆಪ್ಟೆಂಬರ್ 3ರಂದು ಅದು ಕೆಳಗಿಳಿಯಿತು, ಇದು ಮೇಲೆ ಹೋಯಿತು. ಒಂದೇ ವಾರ, ಆದರೆ ನಂಬರ್ ಒಂದು.

ವಿಡಿಯೋ ಬಗ್ಗೆ ಹೇಳದೆ ಮುಂದೆ ಹೋದರೆ ನೀವು ಬಿಡಲ್ಲ. ಎಂಟಿವಿ 1981ರ ಆಗಸ್ಟಿನಲ್ಲಿ ಶುರುವಾಗಿತ್ತು, ಅದಕ್ಕೆ ದಿನವಿಡೀ ತುಂಬಿಸೋಕೆ ವಿಡಿಯೋ ಬೇಕಿತ್ತು. ಈ ವಿಡಿಯೋದಲ್ಲಿ ಆನಿ ಕಿತ್ತಳೆ ಬಣ್ಣದ ಮೋಟು ಕೂದಲು ಬಿಟ್ಟು, ಗಂಡಸರ ಸೂಟು ಹಾಕಿ, ಕೈಯಲ್ಲಿ ಕೋಲು ಹಿಡಿದು ಕಂಪನಿ ಮೀಟಿಂಗಿನ ಮೇಜಿಗೆ ತಟ್ಟುತ್ತಾರೆ. ಆ ಆಫೀಸ್ ರೂಮಿಗೆ ಒಂದು ಹಸು ಬರುತ್ತೆ. ನಿಜವಾದ ಹಸು. ಆಮೇಲೆ ಹೊಲದಲ್ಲಿ ಹಸುಗಳ ಮಧ್ಯೆ ಕೂತು ಇಬ್ಬರೂ ಚೆಲ್ಲೋ ನುಡಿಸುತ್ತಾರೆ, ಹಾಡಿನಲ್ಲಿ ಚೆಲ್ಲೋ ಇಲ್ಲವೇ ಇಲ್ಲ. ಸ್ಟೀವರ್ಟ್ ಹುಲ್ಲುಗಾವಲಿನಲ್ಲಿ ಆ ಡ್ರಮ್ ಕಂಪ್ಯೂಟರ್‌ನ ಕೀಲಿಗಳನ್ನು ಒತ್ತುತ್ತಾ ಇರುತ್ತಾರೆ. ಆಫೀಸಿನಲ್ಲಿ ಹಸು, ಗದ್ದೆಯಲ್ಲಿ ಕಂಪ್ಯೂಟರ್. ಬೆಂಗಳೂರಿನ ಯಾವುದಾದರೂ ಟೆಕ್ ಪಾರ್ಕ್ ಮುಂದೆ ನಿಂತವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಿಸಲ್ಲ ಬಿಡಿ.

ಆದರೆ ಆ ಸೂಟು ಮತ್ತು ಕೂದಲು ತಮಾಷೆಗೆ ಹಾಕಿದ್ದಲ್ಲ. ಹಿಂದಿನ ಬ್ಯಾಂಡಿನಲ್ಲಿದ್ದಾಗ ಪತ್ರಿಕೆಗಳು ಆನಿಯನ್ನು ಹೊಂಬಣ್ಣದ ಕೂದಲಿನ ಹುಡುಗಿ ಅಂತಲೇ ನೋಡುತ್ತಿದ್ದವು. ಈಗ ಇಬ್ಬರೇ ಇರೋ ಬ್ಯಾಂಡು, ಒಂದು ಗಂಡು ಒಂದು ಹೆಣ್ಣು. ಅವನು ಯಂತ್ರ ನೋಡ್ಕೊಳ್ತಾನೆ, ಅವಳು ಚೆಂದ ಕಾಣ್ತಾಳೆ ಅಂತ ಜನ ತಕ್ಷಣ ಕತೆ ಕಟ್ಟಿಬಿಡುತ್ತಾರೆ. ಇಬ್ಬರೂ ಸಮ ಸಮ ಅಂತ ತೋರಿಸೋಕೆ ಇಬ್ಬರೂ ಸೂಟು ಹಾಕಿದರು. ‘ಲವ್ ಈಸ್ ಎ ಸ್ಟ್ರೇಂಜರ್’ ವಿಡಿಯೋದಲ್ಲಂತೂ ಆನಿ ಹೊಂಬಣ್ಣದ ವಿಗ್ ಹಾಕಿಕೊಂಡು ಬಂದು, ಅದನ್ನು ಕಿತ್ತೆಸೆದು ಮೋಟು ಕೂದಲು ತೋರಿಸುತ್ತಾರೆ. 1984ರ ಗ್ರ್ಯಾಮಿ ವೇದಿಕೆಗೆ ಎಲ್ವಿಸ್ ಪ್ರೆಸ್ಲಿ ಥರ ಕೆನ್ನೆಗೂದಲು ಅಂಟಿಸಿಕೊಂಡು ಗಂಡಾಗಿ ಬಂದು ಈ ಹಾಡು ಹಾಡಿದರು. ಆ ಕಾಲದಲ್ಲಿ ಟಿವಿ ಮುಂದೆ ಕೂತಿದ್ದ ಎಷ್ಟೋ ಹುಡುಗ ಹುಡುಗಿಯರಿಗೆ, ನನ್ನ ಮೈ ನಾನು ಹೇಗೆ ಬೇಕಾದರೂ ತೊಡಬಹುದು ಅಂತ ಮೊದಲ ಸಲ ಅನ್ನಿಸಿದ್ದು ಈ ವಿಡಿಯೋಗಳಿಂದ.

ಈಗ ನಾನು ಮೊದಲು ಎತ್ತಿದ ಪ್ರಶ್ನೆಗೆ ಬರ್ತೀನಿ. 1982ರ ಮೇ ತಿಂಗಳಲ್ಲಿ, ಅಂದರೆ ಚಾಕ್ ಫಾರ್ಮ್‌ನ ಮಹಡಿಯಲ್ಲಿ ಇವರು ಕೆಲಸ ಮಾಡುತ್ತಿದ್ದ ವರ್ಷವೇ, ಬ್ರಿಟನ್ನಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆ ಒಂದು ನಿರ್ಣಯ ಮಾಡಿತು. ಸಿಂಥಸೈಜರ್, ಡ್ರಮ್ ಯಂತ್ರಗಳನ್ನು ನಿಷೇಧಿಸಬೇಕು ಅಂತ. ನೆಪ ಆಗಿದ್ದು ಬ್ಯಾರಿ ಮ್ಯಾನಿಲೋ ಅವರ ಪ್ರವಾಸ. ಆರ್ಕೆಸ್ಟ್ರಾ ಬದಲು ಸಿಂಥ್ ಇಟ್ಟುಕೊಂಡು ಅವರು ಕಾರ್ಯಕ್ರಮ ಕೊಡುತ್ತಿದ್ದರು. ಪಿಟೀಲು ನುಡಿಸೋ ಹತ್ತಾರು ಜನರ ದಿನಗೂಲಿ ಒಂದು ಪೆಟ್ಟಿಗೆಗೆ ಹೋಯಿತು. ನಿರ್ಣಯ ಸಂಘದ ಒಟ್ಟು ನೀತಿ ಆಗಲಿಲ್ಲ. ಇವತ್ತು ಇದನ್ನು ಹೇಳಿದರೆ ಜನ ನಗುತ್ತಾರೆ, ನೋಡಿ ಪಾಪ ಎಷ್ಟು ಹಿಂದುಳಿದವರು ಅಂತ.

ನನಗೆ ನಗು ಬರಲ್ಲ. ಲೆಕ್ಕ ನೋಡಿ. ಮೊದಲ ಆಲ್ಬಮ್‌ನಲ್ಲಿ ಹೆಸರುವಾಸಿ ಡ್ರಮ್ಮರ್‌ಗಳು, ಅದು ಸೋತಿತು. ಎರಡನೆಯದರಲ್ಲಿ ಆ ಜಾಗಕ್ಕೆ ಬ್ರಿಜ್‌ವಾಟರ್‌ನ ಪೆಟ್ಟಿಗೆ, ಅದು ಜಗತ್ತು ಗೆದ್ದಿತು. ಎಂಟು ಟ್ರ್ಯಾಕು, ಒಂದು ಮಹಡಿ, ಸಾಲದ ದುಡ್ಡು ಇದ್ದ ಇಬ್ಬರಿಗೆ ಆ ಪೆಟ್ಟಿಗೆ ಬದುಕು ಕೊಟ್ಟಿತು. ಅದೇ ಪೆಟ್ಟಿಗೆ ಮೂರನೆಯವರ ಕೆಲಸ ತೆಗೆದುಕೊಂಡಿದ್ದೂ ಹೌದು. ಸಂಘದವರ ಹೆದರಿಕೆ ಮೂರ್ಖತನ ಆಗಿರಲಿಲ್ಲ. ಸ್ಟುಡಿಯೋಗಳಲ್ಲಿ ದಿನಗೂಲಿಗೆ ನುಡಿಸುತ್ತಿದ್ದವರ ಕಾಲ ನಿಜಕ್ಕೂ ಕಿರಿದಾಯಿತು. ನಾನು ಬರೆದ ಪ್ರೋಗ್ರಾಮಿನಿಂದ ಯಾರದ್ದಾದರೂ ಕೆಲಸ ಹೋಗಿದೆಯಾ ಅಂತ ನನ್ನನ್ನು ಒಬ್ಬರು ನೇರವಾಗಿ ಕೇಳಿದರೆ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಹಾಗಾಗಿ ‘ಬರೀ ಉಪಕರಣ’ ಅನ್ನೋ ಮಾತನ್ನು ನಾನು ಬಳಸಲ್ಲ.

ಇನ್ನೊಂದು ಮಾತು, ‘ಜೀವ ಇರಲ್ಲ’ ಅನ್ನೋದು. ಇದಕ್ಕೆ ಉತ್ತರ ನಿಮ್ಮ ಮನೆಯಲ್ಲೇ ಇರಬಹುದು. ಪಾಟದ ಕ್ಲಾಸಿನ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಸ, ಪ ಅಂತ ಕೊರೆಯುತ್ತಾ ಇರುತ್ತಿತ್ತಲ್ಲ, ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಅದರ ಮೇಲೆ ರಾಡೆಲ್ ಅಂತ ಬರೆದಿದ್ದರೆ ಅದು ಬೆಂಗಳೂರಿನದ್ದು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲು ವಾದಕರಾದ ಜಿ. ರಾಜ್‌ನಾರಾಯಣ್ ಕಟ್ಟಿದ ಕಂಪನಿ. ತಂಬೂರಿಯ ಕೆಲಸಕ್ಕೆ, ತಬಲದ ಕೆಲಸಕ್ಕೆ ವಿದ್ಯುತ್ತಿನ ಪೆಟ್ಟಿಗೆ ಮಾಡಿದವರು ಅವರು. ಆಗಲೂ ಗೊಣಗಿದವರಿದ್ದರು, ತಂಬೂರಿಯ ಜೀವ ಇದರಲ್ಲಿಲ್ಲ ಅಂತ. ಸರಿಯೇ, ಇಲ್ಲ. ಆದರೆ ತಂಬೂರಿ ಮೀಟೋಕೆ ಪಕ್ಕದಲ್ಲಿ ಯಾರೂ ಇಲ್ಲದ ಮಿಲ್ಟನ್ ಕೀನ್ಸ್‌ನ ಫ್ಲ್ಯಾಟಿನಲ್ಲಿ, ಡಲ್ಲಾಸಿನ ಬೇಸ್‌ಮೆಂಟಿನಲ್ಲಿ ಒಂದು ಮಗು ಶ್ರುತಿ ಹಿಡಿದು ಹಾಡಿದ್ದು ಅದರಿಂದಲೇ. ಪೆಟ್ಟಿಗೆ ಅಲುಗಾಡದೆ ನಿಂತಿದ್ದಕ್ಕೆ ಮಗುವಿನ ದನಿ ಎಲ್ಲಿ ಜಾರಿತು ಅಂತ ಗೊತ್ತಾಗುತ್ತಿತ್ತು.

‘ಸ್ವೀಟ್ ಡ್ರೀಮ್ಸ್’ನಲ್ಲಿ ಆಗೋದೂ ಅದೇ ಅಂತ ನನಗೆ ಅನ್ನಿಸುತ್ತೆ. ಡ್ರಮ್ ಯಂತ್ರ ಒಂದು ಕೂದಲೆಳೆಯಷ್ಟೂ ಆಚೆ ಈಚೆ ಆಗಲ್ಲ. ಬೇಸ್ ಸಾಲಿಗೆ ಉಸಿರು ತೆಗೆದುಕೊಳ್ಳೋ ಅಗತ್ಯ ಇಲ್ಲ. ಆ ಗಟ್ಟಿ ನೆಲದ ಮೇಲೆ ಆನಿಯ ದನಿ ಬರುತ್ತೆ, ಹೆಣ್ಣು ದನಿಯಲ್ಲೇ ಸಾಕಷ್ಟು ಕೆಳಗಿನ ಸ್ಥಾಯಿ, ಮೊದಲು ಯಾವ ಭಾವವೂ ಇಲ್ಲದ ಹಾಗೆ. ಆಮೇಲೆ ಅದೇ ದನಿ ಮೇಲೆ ಮೇಲೆ ಪದರ ಕಟ್ಟುತ್ತೆ, ಚರ್ಚಿನ ಮೇಳದ ಥರ, ಎಲ್ಲವೂ ಒಬ್ಬರದ್ದೇ. ಮನುಷ್ಯ ಡ್ರಮ್ಮರ್ ಇದ್ದಿದ್ದರೆ ಹಾಡುವವರ ಜೊತೆ ಅವನೂ ಸ್ವಲ್ಪ ಓಡುತ್ತಿದ್ದ, ಸ್ವಲ್ಪ ನಿಧಾನಿಸುತ್ತಿದ್ದ, ಸಮಾಧಾನ ಮಾಡುತ್ತಿದ್ದ. ಇಲ್ಲಿ ಯಾರೂ ಸಮಾಧಾನ ಮಾಡಲ್ಲ. ಒಂಟಿತನ ಕೇಳಿಸೋದು ಅದಕ್ಕೇ.

ಉಳಿದ ಹಾಡುಗಳ ಬಗ್ಗೆ ಎರಡು ಮಾತು. ಎಲ್ಲವೂ ಚಿನ್ನ ಅಂತ ನಾನು ಹೇಳಲ್ಲ. ಸ್ಯಾಮ್ ಅಂಡ್ ಡೇವ್ ಅವರ ಹಳೆಯ ಸೋಲ್ ಹಾಡು ‘ರ್‍ಯಾಪ್ ಇಟ್ ಅಪ್’ ಅನ್ನು ಇಲ್ಲಿ ಯಂತ್ರದಲ್ಲಿ ಮಾಡಿದ್ದಾರೆ, ಸ್ಕ್ರಿಟಿ ಪೊಲಿಟ್ಟಿಯ ಗ್ರೀನ್ ಗಾರ್ಟ್‌ಸೈಡ್ ಕೂಡ ಜೊತೆಗೆ ಹಾಡಿದ್ದಾರೆ; ನನಗಂತೂ ಸಪ್ಪೆ. ‘ದ ವಾಕ್’ ಮಾತ್ರ ಬಿಡಬೇಡಿ. ಅದರಲ್ಲಿ ಡಿಕ್ ಕಥೆಲ್ ಊದೋ ಟ್ರಂಪೆಟ್, ಯಂತ್ರಗಳ ಮಧ್ಯೆ ಕುಡಿದು ಬಂದ ನೆಂಟನ ಥರ ತೂರಾಡುತ್ತೆ. ‘ಜೆನಿಫರ್’ ನೀರಿನಡಿಯ ಹಾಡು, ಬಹಳ ನಿಧಾನ, ರಾತ್ರಿ ಕೇಳಿದರೆ ಸ್ವಲ್ಪ ಭಯ. ‘ಲವ್ ಈಸ್ ಎ ಸ್ಟ್ರೇಂಜರ್’ನ ಹಿಂದೆ ಆಗಾಗ ಬರೋ ಗಂಡಸಿನ ಹೂಂಕಾರ ಕೇಳಿಸಿಕೊಳ್ಳಿ. ಒಂದು ಸಲ ಗಮನಿಸಿದರೆ ಆಮೇಲೆ ಹಾಡಿಗಿಂತ ಅದೇ ಜೋರಾಗಿ ಕೇಳಿಸುತ್ತೆ. ಆಲ್ಬಮ್ಮಿನ ಸ್ವಲ್ಪ ಕೆಲಸ ಕ್ರೌಚ್ ಎಂಡ್‌ನ ಒಂದು ಹಳೆಯ ಚರ್ಚಿನಲ್ಲಿ ಆಯಿತು. ಆ ಕಟ್ಟಡದಲ್ಲಿ ಇದ್ದವರು ಬಾಬ್ ಬ್ಯೂರಾ ಮತ್ತು ಜಾನ್ ಹಾರ್ಡ್‌ವಿಕ್, ಬಿಬಿಸಿಯ ಮಕ್ಕಳ ಕಾರ್ಯಕ್ರಮಗಳಿಗೆ ಗೊಂಬೆಗಳನ್ನು ಒಂದೊಂದು ಚಿತ್ರಕ್ಕೂ ಒಂದಿಷ್ಟೇ ಸರಿಸಿ ನಡೆಸುತ್ತಿದ್ದವರು. ಅವರು ಇವರಿಗೆ ಜಾಗ ಬಾಡಿಗೆಗೆ ಕೊಟ್ಟರು. ಮುಂದೆ ಸ್ಟೀವರ್ಟ್ ಆ ಚರ್ಚನ್ನೇ ಕೊಂಡು ಸ್ಟುಡಿಯೋ ಮಾಡಿದರು.

ನಲವತ್ತು ವರ್ಷ ದಾಟಿತು. ಹಾಡು ಉಳಿದಿದೆ ಅನ್ನೋಕೆ ಬಹುಮಾನದ ಪಟ್ಟಿ ಕೊಡಬಹುದು. 2022ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿಸಿಕೊಂಡಿದೆ. ನನಗೆ ಅದಕ್ಕಿಂತ ಬೇರೆ ಪರೀಕ್ಷೆ ಇಷ್ಟ. ನಮ್ಮ ಕೆಲಸದಲ್ಲಿ ಒಂದು ಮಾಡೆಲ್ ಗಟ್ಟಿಯಾ ಅಂತ ನೋಡೋಕೆ ಒಳಗಿನದ್ದನ್ನು ಒಂದೊಂದಾಗಿ ಕಿತ್ತು ನೋಡ್ತೀವಿ. ಈ ಹಾಡಿಗೂ ಅದು ಆಗಿದೆ. 1995ರಲ್ಲಿ ಮ್ಯಾರಿಲಿನ್ ಮ್ಯಾನ್ಸನ್ ಸಿಂಥ್ ಕಿತ್ತರು, ವೇಗ ಕಿತ್ತರು, ಕಿರುಚುವ ಗಿಟಾರ್ ಇಟ್ಟರು. ಒಳಗಿದ್ದ ಕತ್ತಲೆ ಎದ್ದು ಬಂತು. 1996ರಲ್ಲಿ ನ್ಯಾಸ್ ‘ಸ್ಟ್ರೀಟ್ ಡ್ರೀಮ್ಸ್’ನಲ್ಲಿ ಅದರ ಧಾಟಿ ತೆಗೆದುಕೊಂಡು ಬೀದಿಯ ಕಥೆ ಹೇಳಿದರು. 2016ರ ‘ಎಕ್ಸ್-ಮೆನ್: ಅಪೊಕ್ಯಾಲಿಪ್ಸ್’ ಸಿನಿಮಾದಲ್ಲಿ ಕ್ವಿಕ್‌ಸಿಲ್ವರ್ ಅನ್ನೋ ಹುಡುಗ ಸಿಡಿಯುತ್ತಿರೋ ಮನೆಯಿಂದ ಎಲ್ಲರನ್ನೂ ಹೊತ್ತು ಹೊರಗೆ ಸಾಗಿಸುವಾಗ ಮೂಲ ಹಾಡೇ ಬಂತು, ಅಲ್ಲಿ ಅದು ಬರೀ ಮೋಜು. ಹೀಗೆ ಏನು ಕಿತ್ತರೂ ಒಂದು ಉಳಿಯುತ್ತೆ: ಆ ನಾಲ್ಕು, ಎರಡು, ಎರಡರ ಸುತ್ತು, ಅದರ ಮೇಲೆ ಕಹಿಯೋ ಸಿಹಿಯೋ ಹೇಳಲಾಗದ ಒಂದು ಮಾತು.

ಇಷ್ಟು ಹೇಳಿದ ಮೇಲೂ, ಈ ಆಲ್ಬಮ್ಮಿನಿಂದ ಒಂದೇ ಹಾಡು ಕೇಳ್ತೀನಿ ಅನ್ನೋರಿಗೆ ನಾನು ‘ಸ್ವೀಟ್ ಡ್ರೀಮ್ಸ್’ ಹೇಳಲ್ಲ, ಅದು ಹೇಗಿದ್ದರೂ ನಿಮ್ಮನ್ನು ಹುಡುಕಿಕೊಂಡು ಬರುತ್ತೆ. ಕೊನೆಯ ಹಾಡು ಕೇಳಿ, ‘ದಿಸ್ ಸಿಟಿ ನೆವರ್ ಸ್ಲೀಪ್ಸ್’. ದೊಡ್ಡ ಊರಿನಲ್ಲಿ ಬಾಡಿಗೆ ರೂಮು, ತೆಳು ಗೋಡೆ, ಪಕ್ಕದ ಮನೆಯವರ ಸದ್ದು ಕೇಳಿಸುತ್ತೆ ಆದರೆ ಅವರ ಹೆಸರು ಗೊತ್ತಿಲ್ಲ. ಹೊಸ ದೇಶಕ್ಕೆ ಓದೋಕೆ ಬಂದ ಮೊದಲ ಚಳಿಗಾಲ ನೆನಪಿರೋರಿಗೆ ವಿವರಿಸಬೇಕಾಗಿಲ್ಲ. ಆ ಹಾಡಿನೊಳಗೆ ಲಂಡನ್ನಿನ ನೆಲದಡಿಯ ರೈಲಿನ ಸದ್ದನ್ನು ರೆಕಾರ್ಡ್ ಮಾಡಿ ಸೇರಿಸಿದ್ದಾರೆ. ಸಿಂಥ್‌ನಲ್ಲಿ ಹುಟ್ಟಿಸಿದ ರೈಲಲ್ಲ, ನಿಜವಾದ ರೈಲು. ಆರು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಇದೆ. ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ ಕೇಳಿ.